ಲೆನ್ಸ್ ಬದಲಿಸುವಾಗ ಕ್ಯಾಮೆರಾದ ರಕ್ಷಣೆ

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಅಲೆಗಳ ಹೊಡೆತವನ್ನು ತಡೆಯಲು ನಾಲ್ಕು ಚಾಚುಗಳುಳ್ಳ ಕಾಂಕ್ರೀಟ್ ದಿಮ್ಮಿಗಳನ್ನು ಒಟ್ಟಲಾಗಿದೆ. ಅವುಗಳ ಸಂದಿಗೆ ಜಾರಿದ ಲೆನ್ಸ್ ಮರಳಿ ದೊರೆಯುವುದು ದುರ್ಲಭ. 2015ರಲ್ಲಿ ಅಭಯಧಾಮವೆಂದು ಘೋಷಿತವಾದ ಠಾಣೆ ಕ್ರೀಕ್‌ನಲ್ಲಿ ದೋಣಿಯಿಂದ ರಾಜಹಂಸಗಳನ್ನು ಚಿತ್ರಿಸುವವರಿಗೂ ಇದೇ ಅಪಾಯವುಂಟು.

ಲೆನ್ಸ್ ಬದಲಿಸುವಾಗ ಕ್ಯಾಮೆರಾ, ಕಳಚಿದ ಲೆನ್ಸ್, ಜೋಡಿಸಬೇಕಾದ ಲೆನ್ಸ್ ಎಂಬ ಮೂರು ವಸ್ತುಗಳಿರುತ್ತವೆ, ಕೈಗಳು ಎರಡೇ. ಆದುದರಿಂದ ಮೂರನೆಯದಕ್ಕೆ ಮೊದಲೇ ಸ್ಥಳ ಕಲ್ಪಿಸಬೇಕು.

1. ಕುಳಿತುಕೊಂಡು, ಚೀಲವನ್ನು ತೊಡೆಯ ಮೇಲೆ ತೆರೆದಿಡಬೇಕು. ಕ್ಯಾಮೆರಾದ ಪಟ್ಟಿ ಕೊರಳಲ್ಲಿರಬೇಕು.

2. ಕ್ಯಾಮೆರಾವನ್ನು ಆಫ್ ಮಾಡಿ, ಜೋಡಿಸಬೇಕಾದ ಲೆನ್ಸಿನ ಹಿಂಬದಿಯ ಮುಚ್ಚಳವನ್ನು ಸಡಿಲಿಸಿ ಚೀಲದಲ್ಲಿ ಸಿದ್ಧವಾಗಿಡಬೇಕು.

3. ಕಳಚಿದ ಲೆನ್ಸನ್ನು ಚೀಲದೊಳಗಿಟ್ಟ ನಂತರವೇ ಇನ್ನೊಂದನ್ನು ಎತ್ತಿಕೊಳ್ಳಬೇಕು.

4. ಗುರುತುಗಳನ್ನು ಹೊಂದಿಸಿ, 'ಕ್ಲಿಕ್' ಎಂಬ ಸದ್ದು ಕೇಳುವವರೆಗೆ ತಿರುಗಿಸಬೇಕು. ಮುಂಭಾಗದಿಂದ ನೋಡಿದಾಗ ಕ್ಯಾನನ್ ಲೆನ್ಸ್ ಪ್ರದಕ್ಷಿಣವಾಗಿಯೂ ನಿಕಾನ್ ಲೆನ್ಸ್ ಅಪ್ರದಕ್ಷಿಣವಾಗಿಯೂ ಕೂಡಿಕೊಳ್ಳುತ್ತದೆ. ಎರವಲು ಕ್ಯಾಮೆರಾ ಬಳಸುವವರು ಇದನ್ನು ಗಮನಿಸತಕ್ಕದ್ದು.

5. ಗುಂಡಿ ಒತ್ತದೆ ಹಿಂದಕ್ಕೆ ತಿರುಗಿಸಿ ನೋಡಬೇಕು. ಲೆನ್ಸ್ ಕಳಚಿಕೊಳ್ಳದಿದ್ದರೆ ಜೋಡಣೆ ಭದ್ರವಾಗಿದೆ ಎಂದರ್ಥ.

ಚಲಿಸುವ ಲೋಕಲ್ ರೈಲಿನಲ್ಲಿ ನಿಂತುಕೊಂಡು ಅಥವಾ ಸುರಿಯುವ ಮಳೆಯಲ್ಲಿ ಲೆನ್ಸ್ ಬದಲಿಸಲೇಬಾರದು. ಒಂದು ಚಿತ್ರ ತಪ್ಪಿದರೂ ಉಪಕರಣ ಉಳಿದರೆ ನೂರು ಚಿತ್ರಗಳನ್ನು ತೆಗೆಯಬಹುದು.