ಶುಕ್ರವಾರವೇ ಭಾನುವಾರ

ಮೇಡಂ, ಮಸ್ಕತ್‌ಗೆ ಹೋದಮೇಲೆ ಭಾನುವಾರವೂ ಶಾಲೆ, ಆರಾಧನೆ ತಪ್ಪುತ್ತಿದೆ ಎಂದು ಬರೆದಿದ್ದೀರಿ. ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಅಲ್ಲಿನ ಚರ್ಚುಗಳು ತುಂಬುವುದು ಶುಕ್ರವಾರ. ರುವಿ, ಘಲಾದ ಚರ್ಚ್ ಆವರಣಗಳಲ್ಲಿ ಹಲವು ಭಾಷೆಗಳ ಸಭೆಗಳು ಸೇರುತ್ತವೆ, ಹೋಗಿ ವಿಚಾರಿಸಿ. ಆದರೆ ಊರಿನಂತೆ ಮನೆಯಲ್ಲಿ ಜನ ಸೇರಿಸಿ ಪ್ರಾರ್ಥನಾಕೂಟ ಬೇಡ. ಸಾಮೂಹಿಕ ಆರಾಧನೆ ಅನುಮತಿ ಇರುವ ಜಾಗದಲ್ಲೇ ನಡೆಯಬೇಕು. ತರಗತಿಯಲ್ಲಂತೂ ಮತದ ಮಾತು ಬೇಡವೇ ಬೇಡ. ರಂಜಾನ್‌ನಲ್ಲಿ ಹಗಲು ಎಲ್ಲರೆದುರು ನೀರೂ ಕುಡಿಯಬೇಡಿ.

ಇನ್ನು ನಿಮ್ಮ ಅಮ್ಮ ಊರಿನಿಂದ ಕಳಿಸುವ ಉಂಡೆ ಕೊಬ್ಬರಿಯ ವಿಚಾರ. ಎಣ್ಣೆಯಂಶಕ್ಕೆ ಬೇಗ ಹೊತ್ತಿಕೊಳ್ಳುತ್ತದೆಂದು ಅದನ್ನು ವಿಮಾನದ ಚೆಕ್‌-ಇನ್ ಸಾಮಾನಿಗೆ ಬಿಡುವುದಿಲ್ಲ. (ತಿಪಟೂರಿನವರಿಗೆ ಇದಕ್ಕಿಂತ ಅವಮಾನ ಉಂಟೆ!) ಬರುವವರ ಕೈಯಲ್ಲಿ ಹುರುಳಿ ಚಟ್ನಿಪುಡಿ ತರಿಸಿಕೊಳ್ಳಿ, ಕೊಬ್ಬರಿ ಹಾಕದೆ.