ಥೀಮ್ ಪಾರ್ಕ್‌ನಲ್ಲಿ ಊಟ: ಅಲರ್ಜಿ ಇದ್ದರೆ ತಯಾರಿ ಹೀಗಿರಲಿ

ರಜೆಗೆ ಅಮೆರಿಕದ ಮಗಳ ಮನೆಗೋ ಅಣ್ಣನ ಮನೆಗೋ ಹೊರಟವರು, ಮಕ್ಕಳು ಜೊತೆಗಿದ್ದರೆ, ಫ್ಲಾರಿಡಾದ ಆರ್ಲ್ಯಾಂಡೊ ನೋಡದೆ ವಾಪಸಾಗುವುದು ಕಡಿಮೆ. ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್ 1971ರಲ್ಲಿ ಆರಂಭವಾಯಿತು. ಈಗ ನಾಲ್ಕು ಥೀಮ್ ಪಾರ್ಕ್, ಎರಡು ವಾಟರ್ ಪಾರ್ಕ್, ಲೆಕ್ಕವಿಲ್ಲದಷ್ಟು ಹೋಟೆಲು, ತಿಂಡಿ ಕೌಂಟರ್‌ಗಳು ಸೇರಿ ಅದೇ ಒಂದು ಊರಿನಂತಿದೆ. ಬೆಳಿಗ್ಗೆ ಒಳಹೊಕ್ಕವರು ರಾತ್ರಿಯ ಬಾಣಬಿರುಸು ನೋಡಿಕೊಂಡೇ ಹೊರಬರುವುದು. ಹಾಗಾಗಿ ತಿಂಡಿ, ಊಟ, ಸಂಜೆಯ ಐಸ್‌ಕ್ರೀಂ ಎಲ್ಲವೂ ಒಳಗೇ ಆಗಬೇಕು.

ಮನೆಯಲ್ಲಿ ಒಬ್ಬರಿಗೆ ಕಡಲೆಕಾಯಿ, ಹಾಲು, ಮೊಟ್ಟೆ ಅಥವಾ ಗೋಡಂಬಿಯ ಅಲರ್ಜಿ ಇದ್ದರೆ ಇಂಥ ದಿನ ಆತಂಕ ಹುಟ್ಟಿಸುವುದು ಸಹಜ. ಆದರೆ ಅಲರ್ಜಿ ಇರುವವರಿಗೆ ಊಟ ಕೊಡುವ ವಿಷಯದಲ್ಲಿ ಡಿಸ್ನಿ ಪಾರ್ಕ್‌ಗಳಿಗೆ ಒಳ್ಳೆಯ ಹೆಸರಿದೆ. ತೊಡಕೇನೆಂದರೆ, ಅಲ್ಲಿನ ವ್ಯವಸ್ಥೆ ನಡೆಯುವುದು ಅಮೆರಿಕದವರ ಪಟ್ಟಿಯ ಮೇಲೆ. ನಮ್ಮ ಅಡುಗೆಮನೆಯ ಕೆಲವು ಪದಾರ್ಥಗಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇರುವುದನ್ನು ಅವರು ಕೇಳುತ್ತಾರೆ, ಇಲ್ಲದ್ದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಬೇಕಾದ ತಯಾರಿ ಹಂತ ಹಂತವಾಗಿ ಇಲ್ಲಿದೆ.

1. ಮೊದಲು ಪಟ್ಟಿ ನೋಡಿ

ಅಮೆರಿಕದ ಕಾನೂನು ಒಂಬತ್ತು ಆಹಾರಗಳನ್ನು ಪ್ರಮುಖ ಅಲರ್ಜಿಕಾರಕಗಳೆಂದು ಗುರುತಿಸಿದೆ: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಬಾದಾಮಿ-ಗೋಡಂಬಿಯಂಥ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಮತ್ತು ಎಳ್ಳು. ಎಳ್ಳು ಸೇರಿದ್ದು 2021ರ ಕಾಯ್ದೆಯಿಂದ. 2023ರ ಜನವರಿ 1ರಿಂದ ಪೊಟ್ಟಣಗಳ ಮೇಲೆ ಅದನ್ನೂ ನಮೂದಿಸುವುದು ಕಡ್ಡಾಯವಾಗಿದೆ.

ಈ ಒಂಬತ್ತರಲ್ಲಿ ಸಾಸಿವೆ ಇಲ್ಲ, ಕಡಲೆಬೇಳೆ ಇಲ್ಲ, ಕೊಬ್ಬರಿಯೂ ಇಲ್ಲ. ಯುರೋಪ್ ಒಕ್ಕೂಟದ ಪಟ್ಟಿ ಹದಿನಾಲ್ಕರದ್ದು, ಅದರಲ್ಲಿ ಸಾಸಿವೆ ಇದೆ. ಹಾಗಾಗಿ ಸಾಸಿವೆ ಆಗದವರಿಗೆ ಪ್ಯಾರಿಸ್‌ನ ಡಿಸ್ನಿಲ್ಯಾಂಡ್‌ನಲ್ಲಿ ಬರಹದಲ್ಲೇ ಸಿಗುವ ಮಾಹಿತಿ ಆರ್ಲ್ಯಾಂಡೊದಲ್ಲಿ ಕೇಳಿದರೆ ಮಾತ್ರ ಸಿಕ್ಕೀತು. ಬರ್ಗರ್, ಹಾಟ್ ಡಾಗ್, ಸಲಾಡ್ ಡ್ರೆಸಿಂಗ್‌ಗಳಲ್ಲಿ ಸಾಸಿವೆ ಸಾಮಾನ್ಯ. ಕಡಲೆ ಆಗದವರು ಹಮ್ಮಸ್, ಫಲಾಫೆಲ್ ಎಂದು ಬರೆದಿರುವ ಕಡೆ ಎಚ್ಚರ ವಹಿಸಬೇಕು, ಎರಡೂ ಕಾಬೂಲಿ ಕಡಲೆಯಿಂದ ಮಾಡುವಂಥವು. ನಿಮ್ಮ ಅಲರ್ಜಿ ಆ ಒಂಬತ್ತರ ಒಳಗಿದೆಯೋ ಹೊರಗಿದೆಯೋ ಎಂದು ಈಗಲೇ ಗುರುತು ಮಾಡಿಕೊಳ್ಳಿ.

2. ವೈದ್ಯರನ್ನು ಕಂಡು ಬನ್ನಿ

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ, ಹಾಲಿನ ಅಲರ್ಜಿಯೇ ಬೇರೆ. ಮೊದಲನೆಯದರಲ್ಲಿ ಕಷ್ಟವಾಗುತ್ತದೆ, ಎರಡನೆಯದರಲ್ಲಿ ಜೀವಕ್ಕೇ ಅಪಾಯವಾಗಬಹುದು. ನಿಮ್ಮದು ಯಾವುದು ಎಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಹಿಂದೆ ತೀವ್ರ ಪ್ರತಿಕ್ರಿಯೆ ಆಗಿದ್ದವರಿಗೆ ವೈದ್ಯರು ಎಪಿನೆಫ್ರಿನ್ ಬರೆದುಕೊಡುತ್ತಾರೆ. ನಮ್ಮಲ್ಲಿ ಅಡ್ರಿನಲಿನ್ ಎನ್ನುವುದೂ ಇದನ್ನೇ. ತೊಡೆಗೆ ಒತ್ತಿದರೆ ತಾನಾಗಿ ಚುಚ್ಚುವ ಪೆನ್ನಿನಂಥ ಆಟೊ ಇಂಜೆಕ್ಟರ್ ಎಲ್ಲ ಊರಿನ ಔಷಧಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆದ್ದರಿಂದ ಕೊನೇ ವಾರಕ್ಕೆ ಬಿಡಬೇಡಿ. ಎರಡು ಜೊತೆಗಿರಲಿ. ಒಂದರಿಂದ ಹತೋಟಿಗೆ ಬಾರದಿದ್ದರೆ ಐದರಿಂದ ಹದಿನೈದು ನಿಮಿಷದಲ್ಲಿ ಇನ್ನೊಂದು ಬೇಕಾಗಬಹುದು.

ಔಷಧಿ ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿ ಇಡಿ. ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಪ್ರವಾಸ ವಿಮೆಯಲ್ಲಿ ಮೊದಲೇ ಇರುವ ಅಲರ್ಜಿಗೆ ಚಿಕಿತ್ಸಾ ವೆಚ್ಚ ಸಿಗುತ್ತದೆಯೇ ಎಂದು ಓದಿ ನೋಡಿ. ಅಮೆರಿಕದ ಆಸ್ಪತ್ರೆ ಬಿಲ್ಲು ಹಗುರವಾಗಿರುವುದಿಲ್ಲ.

3. ಇಂಗ್ಲಿಷ್‌ನಲ್ಲಿ ಒಂದು ಕಾರ್ಡು ಬರೆದಿಟ್ಟುಕೊಳ್ಳಿ

ವಿಸಿಟಿಂಗ್ ಕಾರ್ಡ್ ಗಾತ್ರದ ಚೀಟಿ ಸಾಕು. ಹೆಸರು, ಯಾವುದಕ್ಕೆ ಅಲರ್ಜಿ, ಅದು ಯಾವ ಯಾವ ರೂಪದಲ್ಲಿ ಬರುತ್ತದೆ, ಕಣದಷ್ಟು ತಗಲಿದರೂ ಅಪಾಯವೇ, ಔಷಧಿ ಎಲ್ಲಿದೆ: ಇಷ್ಟು ಇರಲಿ. ಹಾಲು ಎಂದಷ್ಟೇ ಬರೆದರೆ ಸಾಲದು, ಬೆಣ್ಣೆ, ತುಪ್ಪ, ಚೀಸ್, ಕೆನೆ, ಹಾಲಿನ ಪುಡಿ ಎಂದು ಬಿಡಿಸಿ ಬರೆಯಿರಿ. ಇಂಗ್ಲಿಷ್ ಉಚ್ಚಾರಣೆಯ ಅಳುಕಿನಿಂದ ಅಜ್ಜ-ಅಜ್ಜಿ ಕೌಂಟರ್ ಮುಂದೆ ಸುಮ್ಮನಾಗುವುದನ್ನು ಈ ಕಾರ್ಡು ತಪ್ಪಿಸುತ್ತದೆ. ಮೊಮ್ಮಗುವಿನ ಜೊತೆ ಅವರನ್ನಷ್ಟೇ ಬಿಟ್ಟು ನೀವು ದೊಡ್ಡ ರೈಡಿನ ಸಾಲಿಗೆ ಹೋಗುವುದಾದರೆ ಅವರ ಕೈಯಲ್ಲೂ ಒಂದು ಪ್ರತಿ ಇರಲಿ.

4. ಟೇಬಲ್ ಕಾಯ್ದಿರಿಸುವಾಗಲೇ ತಿಳಿಸಿ

ಡಿಸ್ನಿ ವರ್ಲ್ಡ್‌ನಲ್ಲಿ ಕೂತು ಉಣ್ಣುವ ರೆಸ್ಟೊರೆಂಟ್‌ಗಳಿಗೆ 60 ದಿನ ಮುಂಚಿನಿಂದ ಜಾಗ ಕಾಯ್ದಿರಿಸಬಹುದು. ಅಲ್ಲೇ ಅಲರ್ಜಿಯನ್ನು ನಮೂದಿಸಲು ಅವಕಾಶವಿದೆ, ತಪ್ಪದೆ ತುಂಬಿ. ದಿನಕ್ಕೊಂದು ಊಟವಾದರೂ ಇಂಥ ಕಡೆ ಇದ್ದರೆ ಅಡುಗೆಯವರೊಡನೆ ನೇರ ಮಾತಾಡುವ ಅವಕಾಶ ಸಿಗುತ್ತದೆ.

ಬಫೆಗೆ ಹೋದರೆ ಸಾಲಿನಲ್ಲಿಟ್ಟ ಪಾತ್ರೆಗಳಿಂದ ಬಡಿಸಿಕೊಳ್ಳಬೇಡಿ. ಯಾರೋ ಚೀಸ್ ಹಾಕಿಕೊಂಡ ಚಮಚವೇ ಪಕ್ಕದ ಪಾತ್ರೆಗೂ ಇಳಿದಿರುತ್ತದೆ. ಅಲರ್ಜಿ ಇದೆ ಎಂದು ಹೇಳಿ, ಮಗುವಿನ ತಟ್ಟೆಯನ್ನು ಒಳಗಿನ ಅಡುಗೆಮನೆಯಿಂದಲೇ ಪ್ರತ್ಯೇಕವಾಗಿ ತರಿಸಿಕೊಳ್ಳಿ. ಕೇಳಿದವರಿಗೆ ಹೀಗೆ ಮಾಡಿಕೊಡುವ ರೂಢಿ ಅಲ್ಲಿದೆ.

5. ಬುತ್ತಿ ಕಟ್ಟಿಕೊಳ್ಳಿ

ಸ್ವಂತಕ್ಕೆ ತಿನ್ನುವ ಆಹಾರವನ್ನು ಡಿಸ್ನಿ ವರ್ಲ್ಡ್ ಒಳಗೆ ಒಯ್ಯಲು ಬಿಡುತ್ತಾರೆ. ಅದು ಬಿಸಿ ಮಾಡುವ ಅಗತ್ಯವಿಲ್ಲದ ತಿಂಡಿಯಾಗಿರಬೇಕು. ಗಾಜಿನ ಡಬ್ಬಿ ನಡೆಯದು, ಶಿಶು ಆಹಾರದ ಸಣ್ಣ ಸೀಸೆಗಳಿಗೆ ಮಾತ್ರ ವಿನಾಯಿತಿ. ಬಿಡಿ ಐಸ್ ಮತ್ತು ಡ್ರೈ ಐಸ್ ಕೂಡದು, ತಂಪು ಇಡುವ ಜೆಲ್ ಪ್ಯಾಕ್ ಒಯ್ಯಬಹುದು. ದ್ವಾರದಲ್ಲಿ ಚೀಲ ತಪಾಸಣೆ ಮಾಡುವಾಗ ಇದು ಅಲರ್ಜಿಯವರ ಊಟ ಎಂದು ಹೇಳಿಬಿಡಿ. ಪಕ್ಕದ ಯೂನಿವರ್ಸಲ್ ಪಾರ್ಕ್‌ಗಳ ನಿಯಮ ಇಷ್ಟು ಸಡಿಲವಲ್ಲ, ಆದರೂ ವೈದ್ಯಕೀಯ ಕಾರಣದ ಮತ್ತು ಪಥ್ಯದ ಆಹಾರಕ್ಕೆ ಅಲ್ಲಿಯೂ ಅವಕಾಶವಿದೆ.

ಏನು ಒಯ್ಯಬೇಕು ಎಂಬುದನ್ನು ಫ್ಲಾರಿಡಾದ ಸೆಖೆಯೇ ತೀರ್ಮಾನಿಸುತ್ತದೆ. ತೆಂಗಿನಕಾಯಿ ಬಿದ್ದ ತಿಂಡಿ ಮಧ್ಯಾಹ್ನದೊಳಗೆ ಹಳಸುತ್ತದೆ. ಚಟ್ನಿ ಬಿಟ್ಟು ಚಟ್ನಿಪುಡಿ ಇಟ್ಟುಕೊಳ್ಳಿ, ಅದರಲ್ಲೂ ಕಡಲೆಕಾಯಿ, ಎಳ್ಳು, ಹುರಿಗಡಲೆ ಇದೆಯೇ ನೋಡಿ. ಒಣ ಪಲ್ಯ ಸುತ್ತಿದ ಚಪಾತಿ, ಖಾರ ಹಾಕದ ಮಂಡಕ್ಕಿ, ಬಾಳೆಹಣ್ಣು ದಿನವಿಡೀ ತಡೆಯುತ್ತವೆ. ಗೋಧಿ ಆಗದವರು ಚಪಾತಿಯ ಜಾಗದಲ್ಲಿ ಅಕ್ಕಿರೊಟ್ಟಿ ಇಟ್ಟುಕೊಳ್ಳಬಹುದು. ಊರಿಂದ ತಂದ ತಿಂಡಿಯಿದ್ದರೆ ಅಮೆರಿಕದಲ್ಲಿ ಇಳಿದಾಗ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಘೋಷಿಸಿ.

6. ಕೌಂಟರ್ ಮುಂದೆ ಏನು ಕೇಳಬೇಕು?

ಡಿಸ್ನಿಯ ಹಲವು ಕೌಂಟರ್‌ಗಳಲ್ಲಿ ಮತ್ತು ಅವರ ಮೈ ಡಿಸ್ನಿ ಎಕ್ಸ್‌ಪೀರಿಯೆನ್ಸ್ ಆ್ಯಪ್‌ನಲ್ಲಿ ಅಲರ್ಜಿ ಇರುವವರಿಗೆಂದೇ ಬೇರೆ ಮೆನು ಇರುತ್ತದೆ. ಯಾವ ತಿನಿಸನ್ನು ಯಾವ ಪದಾರ್ಥ ಬಿಟ್ಟು ತಯಾರಿಸುತ್ತಾರೆ ಎಂಬುದು ಅದರಲ್ಲಿದೆ. ಒಂದೇ ಅಲರ್ಜಿ ಇದ್ದು ಅದು ಪಟ್ಟಿಯೊಳಗಿದ್ದರೆ ಆ್ಯಪ್ ಸಾಕಾದೀತು. ಎರಡು-ಮೂರು ಅಲರ್ಜಿ ಒಟ್ಟಿಗಿದ್ದರೆ, ಅಥವಾ ಪಟ್ಟಿಯ ಹೊರಗಿನದ್ದಾದರೆ, ಕೌಂಟರ್‌ಗೇ ಹೋಗಿ ಹಿರಿಯ ಸಿಬ್ಬಂದಿಯನ್ನೋ ಅಡುಗೆಯವರನ್ನೋ ಕರೆಯಲು ಹೇಳಿ. ಅಂಥ ಮೆನುವಿನಿಂದ ತರಿಸಿದರೂ ನೂರಕ್ಕೆ ನೂರು ಖಾತರಿ ಕೊಡಲಾಗದು ಎಂದು ಸಂಸ್ಥೆಯೇ ಹೇಳುತ್ತದೆ.

ಕೇಳಬೇಕಾದ ಪ್ರಶ್ನೆಗಳು ಇವು:

• ಇದನ್ನು ಕರಿದ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಆಲೂಗಡ್ಡೆಯಲ್ಲಿ ಗೋಧಿ ಇಲ್ಲ ನಿಜ, ಆದರೆ ಮೈದಾ ಹಚ್ಚಿದ ಚಿಕನ್ ನಗೆಟ್ಸ್ ಅದೇ ಎಣ್ಣೆಗೆ ಬಿದ್ದಿದ್ದರೆ ಫ್ರೆಂಚ್ ಫ್ರೈಸ್ ಕೂಡ ಆಗದು.
• ಕಾವಲಿ, ಚಾಕು, ಇಕ್ಕಳ ಬೇರೆ ಇವೆಯೇ? ಕೈಗವಸು ಬದಲಿಸುತ್ತೀರಾ?
• ಸಾಸ್, ಡ್ರೆಸಿಂಗ್, ಮೇಲೆ ಉದುರಿಸುವ ಪುಡಿಯಲ್ಲಿ ಏನಿದೆ? ಪೊಟ್ಟಣದ ಲೇಬಲ್ ತೋರಿಸುತ್ತೀರಾ?

ಸಸ್ಯಾಹಾರಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಹಾಲು ಆಗದ ಮಗುವಿಗೆ ವೀಗನ್ ಎಂದು ಬರೆದದ್ದನ್ನು ಧೈರ್ಯವಾಗಿ ಕೊಡಿಸುತ್ತಾರೆ. ವೀಗನ್ ಎಂದರೆ ಅದರ ಸಾಮಗ್ರಿಯಲ್ಲಿ ಪ್ರಾಣಿಜನ್ಯ ಪದಾರ್ಥ ಇಲ್ಲ ಎಂದಷ್ಟೇ ಅರ್ಥ. ಚೀಸ್ ಬಿದ್ದ ಕಾವಲಿಯ ಮೇಲೆಯೇ ಅದನ್ನು ಬೇಯಿಸಿರಬಹುದು. ವೀಗನ್ ಚೀಸನ್ನು ಗೋಡಂಬಿಯಿಂದ, ವೀಗನ್ ಬರ್ಗರನ್ನು ಸೋಯಾದಿಂದ ಮಾಡುವುದೂ ಉಂಟು. ‘ನಾವು ಅದು ತಿನ್ನುವುದಿಲ್ಲ’ ಎಂದರೆ ಅವರು ರುಚಿ ಅಥವಾ ಆಚಾರದ ಮಾತು ಎಂದುಕೊಳ್ಳುತ್ತಾರೆ. ‘ಅಲರ್ಜಿ’ ಎಂದೇ ಹೇಳಿ.

ಒಂದೇ ಕೌಂಟರಿನಲ್ಲೂ ಎಷ್ಟು ವ್ಯತ್ಯಾಸ ಇರುತ್ತದೆ ನೋಡಿ. ಡಿಸ್ನಿ ವರ್ಲ್ಡ್‌ನ ನಾಲ್ಕು ಥೀಮ್ ಪಾರ್ಕ್‌ಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸಾಲು ನಿಂತು ಕೊಳ್ಳುವ ಡೋಲ್ ವಿಪ್ ಎಂಬ ಅನಾನಸ್ ತಂಪು ತಿನಿಸಿನಲ್ಲಿ ಹಾಲಿಲ್ಲ. ಅದನ್ನೇ ವೆನಿಲಾ ಜೊತೆ ಸುತ್ತಿಸಿಕೊಂಡರೆ ಹಾಲು ಬಂತು. ಕಪ್ ಒಂದೇ, ಕೌಂಟರ್ ಒಂದೇ. ಯಂತ್ರದ ಬಗ್ಗೆಯೂ ವಿಚಾರಿಸಿಯೇ ಕೊಳ್ಳಿ.

7. ತಟ್ಟೆ ಬಂದಾಗ ಮತ್ತೊಮ್ಮೆ ಕೇಳಿ

ಅಲರ್ಜಿಯವರಿಗೆ ಮಾಡಿದ ತಟ್ಟೆಗೆ ಗುರುತಿನ ಕಡ್ಡಿ ಅಥವಾ ಚೀಟಿ ಸಿಕ್ಕಿಸಿ ತರುವ ಪದ್ಧತಿ ಅಲ್ಲಿನ ಅನೇಕ ರೆಸ್ಟೊರೆಂಟ್‌ಗಳಲ್ಲಿದೆ. ಗುರುತು ಇಲ್ಲದೆ ಬಂದರೆ ತುತ್ತು ಎತ್ತುವ ಮೊದಲು ಕೇಳಿ, ಸಂಶಯ ಉಳಿದರೆ ವಾಪಸು ಕಳಿಸಿ. 2023ರ ಅಕ್ಟೋಬರ್‌ನಲ್ಲಿ ಹಾಲು ಮತ್ತು ಬೀಜಗಳ ತೀವ್ರ ಅಲರ್ಜಿ ಇದ್ದ ನ್ಯೂಯಾರ್ಕ್‌ನ ವೈದ್ಯೆಯೊಬ್ಬರು ಡಿಸ್ನಿ ವರ್ಲ್ಡ್‌ನ ಡಿಸ್ನಿ ಸ್ಪ್ರಿಂಗ್ಸ್ ಪ್ರದೇಶದ ರೆಸ್ಟೊರೆಂಟ್ ಒಂದರಲ್ಲಿ ಉಂಡ ಬಳಿಕ ತೀರಿಕೊಂಡರು. ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡಿದ್ದೆವು, ಕೆಲವು ತಿನಿಸುಗಳಿಗೆ ಗುರುತಿನ ಕಡ್ಡಿ ಇರಲಿಲ್ಲ ಎಂಬುದು ಪತಿ ಹೂಡಿದ ದಾವೆಯಲ್ಲಿದ್ದ ಆರೋಪ. ಆ ರೆಸ್ಟೊರೆಂಟ್ ನಡೆಸುತ್ತಿದ್ದದ್ದು ಡಿಸ್ನಿಯಲ್ಲ, ಜಾಗ ಪಡೆದಿದ್ದ ಬೇರೆ ಸಂಸ್ಥೆ. ಒಂದೇ ಆವರಣದಲ್ಲಿದ್ದರೂ ಅಡುಗೆಮನೆಗಳು ಬೇರೆ ಬೇರೆಯವರ ಕೈಯಲ್ಲಿರುತ್ತವೆ. ನಿನ್ನೆ ಅಲ್ಲಿ ಕೇಳಿದ ಉತ್ತರ ಇವತ್ತು ಇಲ್ಲಿಗೆ ಅನ್ವಯಿಸದು.

8. ಔಷಧಿ ಯಾರ ಹತ್ತಿರ ಇದೆ?

ರೈಡ್ ಹತ್ತುವಾಗ ಚೀಲವನ್ನು ಲಾಕರಿನಲ್ಲಿಟ್ಟು ಹೋಗುವುದು ವಾಡಿಕೆ. ಎಪಿನೆಫ್ರಿನ್ ಲಾಕರಿನಲ್ಲಿ ಇರಕೂಡದು. ಸೊಂಟಕ್ಕೆ ಕಟ್ಟುವ ಪಟ್ಟಿಯಲ್ಲಿ, ಅಥವಾ ಕೆಳಗೆ ಕಾಯುವ ದೊಡ್ಡವರ ಕೈಯಲ್ಲಿ ಇರಲಿ. ಅದನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಕೆಡುತ್ತದೆ, ಐಸಿಗೆ ತಾಗಿಸಿ ಇಟ್ಟರೂ ಕೆಡುತ್ತದೆ. ಶಾಖ ತಡೆಯುವ ಸಣ್ಣ ಪೌಚ್ ಕೊಂಡುಕೊಳ್ಳಿ.

9. ಪ್ರತಿಕ್ರಿಯೆ ಕಂಡರೆ

ಮೈಮೇಲೆ ದದ್ದು, ತುಟಿ ಅಥವಾ ನಾಲಿಗೆ ಊತ, ಒಂದೇ ಸಮನೆ ಕೆಮ್ಮು, ಉಬ್ಬಸ, ವಾಂತಿ, ತಲೆಸುತ್ತು. ಇವುಗಳಲ್ಲಿ ಉಸಿರಾಟಕ್ಕೆ ತೊಂದರೆ ಬಂದರೆ, ಅಥವಾ ಎರಡು-ಮೂರು ಲಕ್ಷಣ ಒಟ್ಟಿಗೆ ಕಂಡರೆ ಕಾಯಬೇಡಿ. ವೈದ್ಯರು ಹೇಳಿಕೊಟ್ಟಂತೆ ತೊಡೆಯ ಹೊರಭಾಗಕ್ಕೆ ಎಪಿನೆಫ್ರಿನ್ ಕೊಡಿ, ಬಟ್ಟೆಯ ಮೇಲಿಂದಲೂ ಕೊಡಬಹುದು. ಮೊದಲು ಸೆಟ್ರಿಜಿನ್ ಮಾತ್ರೆ ಕೊಟ್ಟು ನೋಡೋಣ ಎಂಬುದು ತಪ್ಪು ಲೆಕ್ಕ. ಅದು ತುರಿಕೆ ಇಳಿಸೀತು, ಕಟ್ಟಿದ ಉಸಿರನ್ನು ಬಿಡಿಸದು.

ಕೂಡಲೇ 911ಕ್ಕೆ ಕರೆ ಮಾಡಿ, ಹತ್ತಿರದ ಸಿಬ್ಬಂದಿಗೂ ತಿಳಿಸಿ. ಡಿಸ್ನಿ ಪಾರ್ಕ್‌ಗಳ ಪ್ರಥಮ ಚಿಕಿತ್ಸಾ ಕೇಂದ್ರಗಳಲ್ಲಿ ಎಪಿನೆಫ್ರಿನ್ ಆಟೊ ಇಂಜೆಕ್ಟರ್ ಇರುತ್ತದೆ. ಒಳಹೊಕ್ಕ ತಕ್ಷಣ ಆ ಕೇಂದ್ರ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಪ್ರತಿಕ್ರಿಯೆ ಮರುಕಳಿಸುವುದುಂಟು.

ನಮ್ಮ ಪಾರ್ಕ್‌ಗಳಲ್ಲಿ

ಬಿಡದಿಯ ವಂಡರ್‌ಲಾ ಇರಲಿ, ಮೈಸೂರಿನ ಜಿಆರ್‌ಎಸ್ ಇರಲಿ, ಮೇಲಿನ ಬಹುಪಾಲು ಹಂತಗಳು ಇಲ್ಲಿಗೂ ಹೊಂದುತ್ತವೆ. ನಮ್ಮ ಪಾರ್ಕ್‌ಗಳು ಸಾಮಾನ್ಯವಾಗಿ ಹೊರಗಿನ ತಿಂಡಿ ಬಿಡುವುದಿಲ್ಲ. ವೈದ್ಯರ ಚೀಟಿ ಜೊತೆಗಿಟ್ಟುಕೊಂಡು, ಹೋಗುವ ಮೊದಲೇ ಫೋನ್ ಅಥವಾ ಇಮೇಲ್ ಮೂಲಕ ಒಪ್ಪಿಗೆ ಕೇಳಿ. ಆ ಉತ್ತರ ಮೊಬೈಲಿನಲ್ಲಿದ್ದರೆ ಗೇಟಿನಲ್ಲಿ ವಾದ ಬೆಳೆಯದು.

ಭಾರತದ 2020ರ ಲೇಬಲ್ ನಿಯಮ ಗೋಧಿಯಂಥ ಗ್ಲುಟನ್ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಇತರ ಬೀಜಗಳು, ಸೋಯಾ, ಸಲ್ಫೈಟ್‌ಗಳನ್ನು ಹೆಸರಿಸುತ್ತದೆ. ಎಳ್ಳು, ಸಾಸಿವೆ ಇದರಲ್ಲಿಲ್ಲ. ಪೊಟ್ಟಣದ ಹಸಿರು ಚುಕ್ಕಿ ಸಸ್ಯಾಹಾರ ಎನ್ನುತ್ತದೆಯೇ ಹೊರತು ಹಾಲಿಲ್ಲ, ಗೋಡಂಬಿಯಿಲ್ಲ ಎನ್ನುವುದಿಲ್ಲ. ಫುಡ್ ಕೋರ್ಟ್‌ನ ಗೋಬಿ ಮಂಚೂರಿಯಲ್ಲಿ ಮೈದಾ ಮತ್ತು ಸೋಯಾ ಸಾಸ್ ಇರುತ್ತವೆ, ಆ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಅನ್ನ-ಸಾಂಬಾರ್ ಸುರಕ್ಷಿತ ಎನಿಸಬಹುದು, ಆದರೆ ಸಾಂಬಾರಿಗೆ ಹಾಕುವ ಅಂಗಡಿಯ ಇಂಗಿಗೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುವುದುಂಟು. ಕೇಸರಿಬಾತಿನ ಮೇಲಿನ ಗೋಡಂಬಿಯನ್ನು ಎತ್ತಿ ಬಿಸಾಡಿ ಕೊಟ್ಟರೂ ಅಲರ್ಜಿ ಬಿಡುವುದಿಲ್ಲ. ತುರ್ತಿಗೆ ಇಲ್ಲಿ 108 ಅಥವಾ 112.

ಕಡೆಯದಾಗಿ ಮನೆಯವರಿಗೊಂದು ಮಾತು. ‘ಒಂಚೂರು ತಿಂದರೆ ಏನಾಗುತ್ತೆ’ ಎನ್ನುವವರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ಹೊರಡುವ ಹಿಂದಿನ ದಿನ ಅವರನ್ನೂ ಕೂರಿಸಿಕೊಂಡು ಔಷಧಿ ಕೊಡುವ ಬಗೆ ತೋರಿಸಿ. ಮಗುವಿಗೂ ಒಂದು ವಾಕ್ಯ ಕಲಿಸಿ: ‘ಅಮ್ಮನ್ನ ಕೇಳಿ ತಿಂತೀನಿ.’ ಕೌಂಟರಿನಲ್ಲಿ ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ನಿಮ್ಮ ಪ್ರಶ್ನೆ ಮುಗಿಸಿಯೇ ಮುಂದೆ ಹೋಗಿ. ಸರಿಯಾದ ಉತ್ತರ ಸಿಗದ ಕಡೆ ತಿನ್ನಬೇಡಿ, ಬುತ್ತಿ ಬಿಚ್ಚಿ.