ಮಗುವಿನ ಸಾವಿಗೆ ಕಾರಣವೇನೆಂದು ಯಾರನ್ನು ಕೇಳಲಿ?

ಪ್ರಶ್ನೆ: ನಾಲ್ಕು ತಿಂಗಳ ಮಗು ನಿದ್ದೆಯಲ್ಲೇ ತೀರಿಕೊಂಡಿತು. ಪೊಲೀಸರು ಮರಣೋತ್ತರ ಪರೀಕ್ಷೆ ಮಾಡಿಸಿದರು. ಕಾರಣ ಯಾರೂ ಹೇಳಿಲ್ಲ. ಮನೆಯವರು ನನ್ನ ಹೆಂಡತಿಯನ್ನು ದೂರುತ್ತಿದ್ದಾರೆ.

ಮಕ್ಕಳ ವೈದ್ಯರ ಉತ್ತರ: ನಿಮ್ಮ ಹೆಂಡತಿಯನ್ನು ದೂರುವುದು ಮೊದಲು ನಿಲ್ಲಲಿ. ಇಂಥ ಸಾವಿನಲ್ಲಿ ಪೊಲೀಸರು ದಾಖಲಿಸುವ ಯುಡಿಆರ್ ಎಂದರೆ ಅಸಹಜ ಸಾವಿನ ವರದಿ, ಆರೋಪವಲ್ಲ. ಠಾಣೆಗೆ ಅರ್ಜಿ ಕೊಟ್ಟು ಮರಣೋತ್ತರ ವರದಿಯ ಪ್ರತಿ ಪಡೆಯಿರಿ, ಮಕ್ಕಳ ತಜ್ಞರಿಗೆ ತೋರಿಸಿ. ಕೆಲವೊಮ್ಮೆ ಪರೀಕ್ಷೆಯಲ್ಲೂ ಕಾರಣ ಸಿಗುವುದಿಲ್ಲ. ಶಿಶು ಮರಣ ಪರಿಶೀಲನೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮರಣ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿ. ಎದೆಹಾಲು ಕಟ್ಟಿ ತಾಯಿಗೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆಕೆ ಊಟ, ನಿದ್ದೆ ಬಿಟ್ಟರೆ ಅಥವಾ ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಹೆತ್ತವರನ್ನು ಕೂರಿಸಿ ವರದಿ ವಿವರಿಸುವುದು ಪ್ರತಿ ಆಸ್ಪತ್ರೆಯಲ್ಲೂ ನಿಯಮವಾಗಬೇಕು.